ಬೆಕ್ಕಿಗೆ ಬಾಗಿಲು ಮುಚ್ಚುವ ಮುನ್ನ

ಸಾಕಿದ ಬೆಕ್ಕನ್ನು ಹೊರಗೆ ಬಿಡಬೇಕೇ ಎಂದು ಅಮೆರಿಕದ ಪಶುವೈದ್ಯರನ್ನು ಕೇಳಿದರೆ ಹೆಚ್ಚಿನವರು ‘ಬೇಡ, ಮನೆಯೊಳಗೇ ಇರಲಿ’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಕೇಳಿದರೆ ‘ಓಡಾಡಲಿ ಬಿಡಿ, ಅದರ ಸ್ವಭಾವವೇ ಅದು’ ಎಂಬ ಉತ್ತರ ಸಿಗುವ ಸಾಧ್ಯತೆಯೇ ಹೆಚ್ಚು. ಹೊರಗೆ ಬಿಡಲು ಜಾಗವಿಲ್ಲದ ಮನೆಗಳಿಗೆ ಬೆಕ್ಕನ್ನು ದತ್ತು ಕೊಡಲು ಅಲ್ಲಿನ ಕೆಲವು ಪ್ರಾಣಿ ರಕ್ಷಣಾ ಸಂಸ್ಥೆಗಳು ಹಿಂದೆಮುಂದೆ ನೋಡಿದ್ದೂ ಉಂಟು. ಎರಡೂ ದೇಶಗಳಲ್ಲಿ ಇರುವುದು ಒಂದೇ ಪ್ರಾಣಿ, ವೈದ್ಯರು ಓದುವುದೂ ಒಂದೇ ಶಾಸ್ತ್ರ. ಬೇರೆಯಾಗಿರುವುದು ಬಾಗಿಲಿನಾಚೆ ಇರುವ ಜಗತ್ತು. ಬ್ರಿಟನ್ನಿನ ನೆಲದ ಪ್ರಾಣಿಗಳಲ್ಲಿ ರೇಬೀಸ್ ಇಲ್ಲ, ಬೆಕ್ಕನ್ನು ಬೇಟೆಯಾಡುವ ದೊಡ್ಡ ಪ್ರಾಣಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದಲ್ಲಿ ರಕೂನ್, ಸ್ಕಂಕ್ ಎಂಬ ಕಾಡುಪ್ರಾಣಿಗಳಲ್ಲಿ, ಬಾವಲಿಗಳಲ್ಲಿ ರೇಬೀಸ್ ಇದೆ. ಊರಿನ ಅಂಚಿನಲ್ಲೇ ಸುಳಿದಾಡುವ, ತೋಳವನ್ನು ಹೋಲುವ ಕಯೋಟಿಗಳು ಬೆಕ್ಕನ್ನು ಹಿಡಿದು ತಿನ್ನುತ್ತವೆ.

ಹಾಗಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮೊದಲು ನೋಡಬೇಕಾದದ್ದು ಬೆಕ್ಕಿನ ಮುಖವನ್ನಲ್ಲ, ನಮ್ಮ ಮನೆಯ ಹೊರಗಿನ ರಸ್ತೆಯನ್ನು. ನಮ್ಮಲ್ಲಿ ರೇಬೀಸ್ ಇದೆ, ಬೀದಿನಾಯಿಗಳ ಗುಂಪುಗಳಿವೆ, ಪಾದಚಾರಿ ಮಾರ್ಗದ ಮೇಲೂ ಹತ್ತುವ ದ್ವಿಚಕ್ರ ವಾಹನಗಳಿವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ನಗರಗಳಲ್ಲಿ ಬೆಕ್ಕನ್ನು ಸ್ವತಂತ್ರವಾಗಿ ತಿರುಗಲು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತು ಹೇಳಿದಂತಾಗುತ್ತದೆ. ಹೊರಗೆ ಹೋಗುವ ಬೆಕ್ಕು ತನ್ನ ಊಟದ ಒಂದು ಭಾಗ, ವ್ಯಾಯಾಮ, ಬೇಟೆ, ಶೌಚ, ಏಕಾಂತ ಎಲ್ಲವನ್ನೂ ಹೊರಗಿನಿಂದಲೇ ಪಡೆಯುತ್ತಿರುತ್ತದೆ. ಬಾಗಿಲು ಮುಚ್ಚಿದ ಕ್ಷಣದಿಂದ ಅದನ್ನೆಲ್ಲ ಒದಗಿಸುವ ಹೊಣೆ ನಮ್ಮದಾಗುತ್ತದೆ. ನಮ್ಮ ಮನೆಗಳಲ್ಲಿ ತೊಂದರೆ ಶುರುವಾಗುವುದು ಇಲ್ಲಿ.

ಒಳಗಿನ ಬೆಕ್ಕು ಎಂಬ ಹೊಸ ಏರ್ಪಾಡು

ಬೆಕ್ಕು ಮನುಷ್ಯನ ಜೊತೆ ಬದುಕತೊಡಗಿ ಸುಮಾರು ಹತ್ತು ಸಾವಿರ ವರ್ಷಗಳಾಗಿವೆ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತ 9,500 ವರ್ಷ ಹಳೆಯ ಸಮಾಧಿಯೊಂದು ದೊರೆತಿದ್ದು, ಅದರ ವಿವರ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ಕರೆತಂದಿರಲೇಬೇಕು. ಧಾನ್ಯದ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಅಂದಿನಿಂದ ತೀರಾ ಇತ್ತೀಚಿನವರೆಗೂ ಬೆಕ್ಕೆಂದರೆ ಒಳಗೂ ಹೊರಗೂ ಓಡಾಡುವ ಪ್ರಾಣಿಯೇ.

ದಿನವಿಡೀ ಒಳಗೇ ಇರುವ ಬೆಕ್ಕು ಸಾಧ್ಯವಾದದ್ದು ಕಳೆದ ಎಂಬತ್ತು ವರ್ಷಗಳಲ್ಲಿ. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ ಲೋ ಎಂಬಾತ ನೆರೆಯವರೊಬ್ಬರಿಗೆ ಬೆಕ್ಕಿನ ಶೌಚದ ತಟ್ಟೆಗೆಂದು ಬೂದಿಯ ಬದಲು ತೇವ ಹೀರುವ ಜೇಡಿಮಣ್ಣಿನ ಹರಳು ಕೊಟ್ಟ. ಇಂದು ಅಂಗಡಿಗಳಲ್ಲಿ ಸಿಗುವ ‘ಕ್ಯಾಟ್ ಲಿಟರ್’ ಹುಟ್ಟಿದ್ದು ಹಾಗೆ. ಮನೆಯೊಳಗೆ ವಾಸನೆಯಿಲ್ಲದೆ ಬೆಕ್ಕು ಸಾಕಲು ಅದು ದಾರಿ ಮಾಡಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಸಾಮಾನ್ಯವಾದ ಮೇಲೆ ಬೆದೆಯ ಕೂಗು, ಗಂಡುಬೆಕ್ಕು ಗೋಡೆಗೆ ಮೂತ್ರ ಸಿಡಿಸುವ ಕಾಟ ಎರಡೂ ತಗ್ಗಿದವು. ಮೂರನೆಯ ಬದಲಾವಣೆ ಪೊಟ್ಟಣದ ಆಹಾರ. ನಮ್ಮಲ್ಲಿ ಹೆಚ್ಚು ವಿವರವಾಗಿ ಮಾತಾಡಬೇಕಾದದ್ದು ಈ ಮೂರನೆಯದರ ಬಗ್ಗೆ.

ಹಾಲು ಅನ್ನ ಮತ್ತು ಟೌರಿನ್

‘ನಮ್ಮ ಮನೆಯ ಬೆಕ್ಕು ಹಾಲು ಅನ್ನ ತಿಂದುಕೊಂಡೇ ಹತ್ತು ವರ್ಷ ಬದುಕಿತು’ ಎಂದು ಹೇಳುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಆ ಬೆಕ್ಕು ಅಡುಗೆಮನೆಯಲ್ಲಿ ಹಾಲು ಅನ್ನ ತಿಂದು, ಹಿತ್ತಲಲ್ಲಿ ಇಲಿ, ಹಲ್ಲಿ, ಓತಿಕ್ಯಾತ, ಮಿಡತೆ ಹಿಡಿದು ತನಗೆ ಬೇಕಾದ ಉಳಿದದ್ದನ್ನು ತುಂಬಿಕೊಳ್ಳುತ್ತಿತ್ತು. ಮನೆಯವರು ಕೊಡುತ್ತಿದ್ದುದು ಅದರ ಊಟದ ಒಂದು ಪಾಲು ಮಾತ್ರ.

ನಾಯಿಯಾಗಲೀ ಮನುಷ್ಯನಾಗಲೀ ಸಸ್ಯಾಹಾರದ ಮೇಲೆ ಬದುಕಬಲ್ಲರು. ಬೆಕ್ಕಿನ ದೇಹ ಹಾಗೆ ರೂಪುಗೊಂಡಿಲ್ಲ. ಟೌರಿನ್ ಎಂಬ ಪೋಷಕಾಂಶವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ತಯಾರಿಸಲು ಬರುವುದಿಲ್ಲ. ಅದು ಮಾಂಸದಲ್ಲಿ, ಮೀನಿನಲ್ಲಿ, ವಿಶೇಷವಾಗಿ ಹೃದಯದಂಥ ಅಂಗಗಳಲ್ಲಿ ಇರುತ್ತದೆ. ಅಕ್ಕಿಯಲ್ಲಿ, ಬೇಳೆಯಲ್ಲಿ ಇಲ್ಲ. ಹಾಲಿನಲ್ಲಿ ಇರುವುದು ಅತ್ಯಲ್ಪ. ಟೌರಿನ್ ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಕಣ್ಣಿನ ರೆಟಿನಾ ನಾಶವಾಗಿ ಬೆಕ್ಕು ಕುರುಡಾಗುತ್ತದೆ, ಹೃದಯದ ಸ್ನಾಯು ತೆಳುವಾಗಿ ಹಿಗ್ಗಿ ರಕ್ತವನ್ನು ತಳ್ಳಲಾರದೆ ಸೋಲುತ್ತದೆ. ಈ ಹೃದಯರೋಗಕ್ಕೂ ಟೌರಿನ್‌ಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿದರು. ಅವರು ನೋಡಿದ ಬೆಕ್ಕುಗಳು ಆ ಕಾಲದ ಪೊಟ್ಟಣದ ಆಹಾರವನ್ನೇ ತಿನ್ನುತ್ತಿದ್ದವು. ಟೌರಿನ್ ಕೊಟ್ಟ ಮೇಲೆ ಹಲವು ಚೇತರಿಸಿಕೊಂಡವು. ಆಮೇಲೆ ಕಂಪನಿಗಳು ತಮ್ಮ ಆಹಾರದಲ್ಲಿ ಟೌರಿನ್ ಪ್ರಮಾಣ ಹೆಚ್ಚಿಸಿದವು. ವಿಟಮಿನ್ ಎ ವಿಷಯದಲ್ಲೂ ಇಂಥದೇ ಕಥೆ: ಕ್ಯಾರೆಟ್ಟಿನ ಬಣ್ಣದ ದ್ರವ್ಯವನ್ನು ನಾವು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತೇವೆ, ಬೆಕ್ಕಿಗೆ ಅದು ಸಿದ್ಧ ರೂಪದಲ್ಲಿ ಪ್ರಾಣಿಮೂಲದಿಂದಲೇ ಬೇಕು. ಹಾಲಂತೂ ಬೆಳೆದ ಅನೇಕ ಬೆಕ್ಕುಗಳಿಗೆ ಅರಗುವುದೇ ಇಲ್ಲ, ಭೇದಿಯಾಗುತ್ತದೆ.

ಸಸ್ಯಾಹಾರಿ ಮನೆಯೊಂದು ಬೆಕ್ಕಿನ ಮೇಲಿನ ಪ್ರೀತಿಯಿಂದಲೇ ಅದನ್ನು ಫ್ಲ್ಯಾಟಿನೊಳಗೆ ಕೂಡಿಹಾಕಿ ಮೊಸರನ್ನವನ್ನಷ್ಟೇ ಕೊಟ್ಟರೆ, ಹೊರಗೆ ಬಿಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಹಾನಿ ಆಗಬಹುದು. ಮನೆಗೆ ಮಾಂಸ ತರುವುದಿಲ್ಲ ಎನ್ನುವವರು ಬೆಕ್ಕಿಗೆಂದೇ ತಯಾರಾದ ಸಮತೋಲಿತ ಪೊಟ್ಟಣದ ಆಹಾರ ತರಬಹುದು. ಅದರಲ್ಲಿಯೂ ಇರುವುದು ಪ್ರಾಣಿಮೂಲದ ಪದಾರ್ಥವೇ ಎಂಬುದನ್ನು ಒಪ್ಪಿಕೊಂಡು ತರಬೇಕು. ಅದೂ ಆಗದು ಎನ್ನುವ ಮನೆಗೆ ಮೊಲ ಅಥವಾ ಗಿನಿಯಿಲಿ ಹೊಂದುತ್ತದೆ, ಬೆಕ್ಕು ಹೊಂದುವುದಿಲ್ಲ. ಇದನ್ನು ಕಟುವಾಗಿ ಹೇಳುತ್ತಿದ್ದೇನೆ ಎನಿಸಬಹುದು. ಕಣ್ಣು ಹೋದ ಬೆಕ್ಕಿಗೆ ಮತ್ತೆ ದೃಷ್ಟಿ ಬರುವುದಿಲ್ಲ.

ಹೊರಗಿನ ಅಪಾಯಗಳ ನಿಜವಾದ ತೂಕ

‘ಹೊರಗಿನ ಬೆಕ್ಕು ಎರಡರಿಂದ ಐದು ವರ್ಷ, ಒಳಗಿನ ಬೆಕ್ಕು ಹದಿನೈದು ವರ್ಷ ಬದುಕುತ್ತದೆ’ ಎಂಬ ಹೋಲಿಕೆ ಎಲ್ಲೆಡೆ ಹರಿದಾಡುತ್ತದೆ. ಅದನ್ನು ನಂಬುವ ಮುನ್ನ ಯೋಚಿಸಬೇಕು. ಆ ಕಡಿಮೆ ಆಯಸ್ಸು ಯಜಮಾನರಿಲ್ಲದ, ಲಸಿಕೆಯಿಲ್ಲದ ಬೀದಿ ಬೆಕ್ಕುಗಳಿಗೆ ಹೊಂದುವಂಥದು. ಇಂಗ್ಲೆಂಡಿನ ಪಶು ಚಿಕಿತ್ಸಾಲಯಗಳ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಕ್ಕುಗಳ ಮಧ್ಯಮ ಆಯಸ್ಸು 14 ವರ್ಷ ಎಂದು ಕಂಡುಬಂತು, ಮತ್ತು ಅಲ್ಲಿನ ಬಹುಪಾಲು ಬೆಕ್ಕುಗಳು ಹೊರಗೆ ಹೋಗುವಂಥವೇ. ಆದರೆ ಅದೇ ಅಧ್ಯಯನದ ಇನ್ನೊಂದು ಮುಖ ಗಂಭೀರವಾಗಿದೆ. ಐದು ವರ್ಷ ತುಂಬುವ ಮೊದಲೇ ಸತ್ತ ಬೆಕ್ಕುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಸತ್ತದ್ದು ಪೆಟ್ಟಿನಿಂದ, ಅದರಲ್ಲೂ ಹೆಚ್ಚಾಗಿ ವಾಹನ ಬಡಿದು. ಹೊರಗೆ ಬಿಡುವ ಬೆಲೆಯನ್ನು ತೆರುವುದು ಎಳೆಯ ಬೆಕ್ಕುಗಳು. ಮೊದಲ ಕೆಲವು ವರ್ಷ ದಾಟಿದವು ದೀರ್ಘಕಾಲ ಬದುಕುತ್ತವೆ. ಇದು ಸುರಕ್ಷಿತ ಎನ್ನಬಹುದಾದ ಇಂಗ್ಲೆಂಡಿನ ಮಾತು.

ನಮ್ಮಲ್ಲಿ ಇದರ ಮೇಲೆ ರೇಬೀಸ್ ಸೇರುತ್ತದೆ. ಬೆಕ್ಕಿಗೆ ಅದು ಬರುವುದು ಹೆಚ್ಚಾಗಿ ಹುಚ್ಚುನಾಯಿ ಕಚ್ಚುವುದರಿಂದ, ಬಂದ ಮೇಲೆ ಬೆಕ್ಕು ಮನೆಯವರ ಮೇಲೇ ಎರಗಬಹುದು. ಲಸಿಕೆಯಿಲ್ಲದೆ ತಿರುಗುವ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸೋಪು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ನಾಯಿ ಅಲ್ಲವಲ್ಲ, ಬೆಕ್ಕು ತಾನೆ’ ಎಂದು ಸುಮ್ಮನಿರುವುದು ಪ್ರಾಣಕ್ಕೇ ಕುತ್ತು.

ಮರಿಗಳನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ಕಾಯಿಲೆ. ವಾಂತಿ, ಭೇದಿ, ಜ್ವರ; ಒಂದೆರಡು ದಿನಗಳಲ್ಲೇ ಮರಿ ಮುದುಡಿ ಮಲಗುತ್ತದೆ. ಈ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ಆದ್ದರಿಂದ ‘ನಮ್ಮ ಬೆಕ್ಕು ಹೊಸಿಲು ದಾಟುವುದೇ ಇಲ್ಲ, ಲಸಿಕೆ ಏಕೆ’ ಎನ್ನುವ ವಾದಕ್ಕೆ ಬುಡವಿಲ್ಲ. ಗಂಡುಬೆಕ್ಕುಗಳ ಜಗಳದಲ್ಲಿ ಕಡಿತದ ಮೂಲಕ ಹರಡುವ, ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ವೈರಸ್ಸೂ ಇದೆ. ಅದು ಮನುಷ್ಯರಿಗೆ ತಗಲುವುದಿಲ್ಲ.

ಇನ್ನು ಇಲಿಪಾಷಾಣ. ಬ್ರೋಮಾಡಿಯೋಲೋನ್‌ನಂಥ ಇಲಿಮದ್ದು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ತುತ್ತು. ಮೂರ್ನಾಲ್ಕು ದಿನಗಳ ಮೇಲೆ ಬೆಕ್ಕಿನ ಒಸಡು ಬಿಳಿಚಿ, ಮೂಗಿನಲ್ಲೋ ಮಲದಲ್ಲೋ ರಕ್ತ ಕಾಣಿಸಿಕೊಳ್ಳುತ್ತದೆ. ಬೇಗ ಒಯ್ದರೆ ವಿಟಮಿನ್ ಕೆ ಚಿಕಿತ್ಸೆಯಿಂದ ಉಳಿಸಬಹುದು. ನಾವು ಮದ್ದು ಇಡದಿದ್ದರೂ ಪಕ್ಕದ ಗೋದಾಮಿನವರು ಇಟ್ಟಿರುತ್ತಾರೆ.

ಹಕ್ಕಿಗಳ ಪಾಲು

ಇಲ್ಲಿಯವರೆಗೆ ಬೆಕ್ಕಿನ ಹಿತದ ಮಾತಾಯಿತು. ಹೊರಗಿರುವ ಇತರ ಜೀವಗಳಿಗೂ ಒಂದು ಪಕ್ಷವಿದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜಿಸಿತು. ಆ ಲೆಕ್ಕದ ದೊಡ್ಡ ಪಾಲು ಯಜಮಾನರಿಲ್ಲದ ಬೆಕ್ಕುಗಳದ್ದು ಎಂಬುದನ್ನೂ ಅದೇ ಅಧ್ಯಯನ ಹೇಳಿದೆ. ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ತನ್ನ ದೇಶದಲ್ಲಿ ಬೆಕ್ಕುಗಳಿಂದಾಗಿ ಹಕ್ಕಿಗಳ ಒಟ್ಟು ಸಂಖ್ಯೆ ಕುಸಿದಿದೆ ಎನ್ನಲು ಸ್ಪಷ್ಟ ಪುರಾವೆಯಿಲ್ಲ ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಚಿತ್ರವೇ ಬೇರೆ: ಬೆಕ್ಕಿನಂಥ ಬೇಟೆಗಾರನನ್ನು ಎಂದೂ ಕಾಣದೆ ವಿಕಾಸಗೊಂಡ ಸಣ್ಣ ಸಸ್ತನಿಗಳಲ್ಲಿ 20ಕ್ಕೂ ಹೆಚ್ಚು ಪ್ರಭೇದಗಳ ಅಳಿವಿನಲ್ಲಿ ಬೆಕ್ಕಿನ ಕೈವಾಡವಿದೆ. ಅದಕ್ಕಾಗಿಯೇ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಎಲ್ಲ ಸಾಕು ಬೆಕ್ಕುಗಳನ್ನು ಮನೆಯ ಆವರಣದೊಳಗೇ ಇಡಬೇಕೆಂಬ ಕಾನೂನಿದೆ. ಅದೇ ವರ್ಷ ಜರ್ಮನಿಯ ವಾಲ್‌ಡಾರ್ಫ್ ಪಟ್ಟಣದ ಒಂದು ಭಾಗದಲ್ಲಿ, ಬೆರಳೆಣಿಕೆಯಷ್ಟು ಉಳಿದಿದ್ದ ಜುಟ್ಟಿನ ನೆಲಗುಬ್ಬಿಗಳ ಮರಿಗಳಿಗಾಗಿ ಬೇಸಿಗೆಯ ತಿಂಗಳುಗಳಲ್ಲಿ ಬೆಕ್ಕುಗಳನ್ನು ಹೊರಬಿಡದಂತೆ ಆಡಳಿತ ಆದೇಶಿಸಿತು.

ಇದರಲ್ಲಿ ನಮಗೆ ಉಪಯುಕ್ತವಾದದ್ದು ಅಂತರದ ಮಾತು. ಆರು ದೇಶಗಳ 925 ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೆಚ್ಚಿನ ಸಾಕು ಬೆಕ್ಕುಗಳು ಮನೆಯಿಂದ ನೂರು ಮೀಟರಿನ ಆಸುಪಾಸಿನಲ್ಲೇ ಸುತ್ತುತ್ತವೆ. ಬೇಟೆಯೆಲ್ಲ ಆ ಸಣ್ಣ ಜಾಗದಲ್ಲೇ ಕೇಂದ್ರೀಕರಿಸುವುದರಿಂದ ಅಲ್ಲಿನ ಜೀವಿಗಳ ಮೇಲೆ ಬೀಳುವ ಹೊಡೆತ ಅದೇ ಗಾತ್ರದ ಕಾಡುಪ್ರಾಣಿಯದ್ದಕ್ಕಿಂತ ಹಲವು ಪಟ್ಟು ಹೆಚ್ಚು. ನಮ್ಮ ಬಡಾವಣೆಯ ನೂರು ಮೀಟರಿನಲ್ಲಿ ಏನಿದೆ ಎಂದು ನೋಡೋಣ. ದಾಸವಾಳದ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ ಟುವ್ವಿ ಹಕ್ಕಿ, ನೆಲಕ್ಕಿಳಿದು ಹುಳು ಹೆಕ್ಕುವ ಮಡಿವಾಳ ಹಕ್ಕಿ, ಕಾಂಪೌಂಡಿನ ಬಳ್ಳಿಯಲ್ಲಿ ಪಿಕಳಾರ, ಅಳಿಲು, ಕಲ್ಲುಸಂದಿಯ ಹಾವುರಾಣಿ. ಕೆರೆಗಳೂ ತೋಟಗಳೂ ಕರಗುತ್ತಿರುವ ನಗರದಲ್ಲಿ ಅವುಗಳಿಗೆ ಉಳಿದಿರುವುದೂ ಅಷ್ಟೇ ಜಾಗ. ‘ನಮ್ಮ ಬೆಕ್ಕು ಏನನ್ನೂ ಹಿಡಿಯುವುದಿಲ್ಲ’ ಎಂಬ ನಂಬಿಕೆ ಯಜಮಾನರಲ್ಲಿ ಸಾಮಾನ್ಯ. ಅಮೆರಿಕದ ಜಾರ್ಜಿಯಾದಲ್ಲಿ 55 ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದಾಗ, ಬೇಟೆಯಾಡಿದ ಬೆಕ್ಕುಗಳು ಹಿಡಿದದ್ದರಲ್ಲಿ ಕಾಲುಭಾಗಕ್ಕಿಂತ ಕಡಿಮೆಯನ್ನಷ್ಟೇ ಮನೆಗೆ ತಂದಿದ್ದವು.

ಗಂಟೆ ಕಟ್ಟಿದರೆ ಸಾಕೇ? ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಂಟೆಯಿಂದ ಗುರುತಿಸಬಹುದಾದ ಪರಿಣಾಮ ಕಾಣಲಿಲ್ಲ. ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ ಐದು-ಹತ್ತು ನಿಮಿಷ ಬೆಕ್ಕಿನೊಂದಿಗೆ ಬೇಟೆಯಾಟ ಆಡಿದಾಗ 25% ಇಳಿಯಿತು. ಊಟವೂ ಆಟವೂ ಬೆಕ್ಕಿಗೆ ಬೇಟೆಯೊಂದಿಗೆ ಎಷ್ಟು ಹೆಣೆದುಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಎಂಟನೆಯ ಮಹಡಿಯ ಕಿಟಕಿ

ಒಳಗೆ ಇಟ್ಟ ಮಾತ್ರಕ್ಕೆ ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಬಹುಮಹಡಿ ಕಟ್ಟಡಗಳಲ್ಲಿ ಪಾರಿವಾಳದ ಹಿಂದೆ ಬಿದ್ದ ಬೆಕ್ಕು ಬಾಲ್ಕನಿಯಿಂದ ಉರುಳುವುದು ನಗರದ ಪಶುವೈದ್ಯರಿಗೆ ಹೊಸದಲ್ಲ. ಬೆಕ್ಕು ಗಾಳಿಯಲ್ಲಿ ತಿರುಗಿ ಕಾಲಿನ ಮೇಲೆ ಇಳಿಯುತ್ತದೆ, ನಿಜ. ಕಾಲಿನ ಮೇಲೆ ಇಳಿದರೂ ದವಡೆ ಒಡೆಯುತ್ತದೆ, ಎದೆಗೂಡಿನಲ್ಲಿ ಗಾಳಿ ತುಂಬುತ್ತದೆ, ಮೂಳೆ ಮುರಿಯುತ್ತದೆ. 1987ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದು ಹೀಗೆ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿತು, ಚಿಕಿತ್ಸೆ ಪಡೆದವುಗಳಲ್ಲಿ 90% ಬದುಕಿದವು. ಈ ಅಂಕಿಯನ್ನು ನೆಚ್ಚಿಕೊಂಡು ನಿಶ್ಚಿಂತರಾಗುವವರು ಒಂದನ್ನು ಗಮನಿಸಬೇಕು: ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಅದು ಲೆಕ್ಕಕ್ಕೆ ಸೇರುವುದೂ ಇಲ್ಲ.

ಪಾರಿವಾಳ ತಡೆಯಲು ಹಾಕಿಸುವ ನೈಲಾನ್ ಬಲೆ ಬೆಕ್ಕಿನ ಹಲ್ಲಿಗೂ ಉಗುರಿಗೂ ಬಹುಕಾಲ ತಡೆಯುವುದಿಲ್ಲ. ಉಕ್ಕಿನ ತಂತಿಗಳನ್ನು ಉದ್ದಕ್ಕೆ ಎಳೆದು ಕಟ್ಟುವ ಗ್ರಿಲ್ಲುಗಳಲ್ಲಿ ತಂತಿಗಳ ನಡುವೆ ಮರಿ ನುಸುಳುವಷ್ಟು ಜಾಗವಿರಬಹುದು. ತಲೆ ತೂರಿದರೆ ಮೈಯೂ ತೂರುತ್ತದೆ. ಗಟ್ಟಿ ಲೋಹದ ಜಾಲರಿ ಹಾಕಿಸಿ, ಕೆಳಗಿನ ಅಂಚನ್ನೂ ಬಿಗಿಸಬೇಕು. ಹಾಗೆ ಭದ್ರಪಡಿಸಿದ ಬಾಲ್ಕನಿ ಬೆಕ್ಕಿಗೆ ಕೊಡಬಹುದಾದ ಅತ್ಯುತ್ತಮ ಜಾಗ: ಬಿಸಿಲು, ಗಾಳಿ, ಹಕ್ಕಿಗಳ ನೋಟ ಎಲ್ಲ ಅಲ್ಲೇ ಸಿಗುತ್ತವೆ.

ಮನೆಯೊಳಗಿನ ಬೆಕ್ಕಿಗೆ ಇರುವ ದೊಡ್ಡ ಶತ್ರುಗಳು ಬೊಜ್ಜು ಮತ್ತು ಬೇಸರ. ತನ್ನ ಪಾಡಿಗೆ ಬೇಟೆಯಾಡುವ ಬೆಕ್ಕು ದಿನಕ್ಕೆ ಎಂಟು-ಹತ್ತು ಸಣ್ಣ ಇಲಿಗಳನ್ನು ತಿಂದು ಬದುಕುತ್ತದೆ, ಒಂದೊಂದಕ್ಕೂ ಹೊಂಚುಹಾಕಿ, ಜಿಗಿದು, ಹಲವು ಸಲ ಸೋತು. ಅದರ ಬದಲಿಗೆ ತಟ್ಟೆ ತುಂಬ ಒಣ ಆಹಾರ ಸುರಿದಿಟ್ಟರೆ ಉಂಡು ಮಲಗುವುದೊಂದೇ ಕೆಲಸ. ಕಡಿಮೆ ನೀರು, ಹೆಚ್ಚು ತೂಕ, ಮನಸ್ಸಿನ ಒತ್ತಡ ಸೇರಿದಾಗ ಗಂಡುಬೆಕ್ಕುಗಳಲ್ಲಿ ಮೂತ್ರನಾಳ ಕಟ್ಟಿಕೊಳ್ಳುತ್ತದೆ. ಶೌಚದ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕೂತು, ಮುಲುಗಿ, ಏನೂ ಬಾರದೆ ಎದ್ದು ಬರುವ ಗಂಡುಬೆಕ್ಕನ್ನು ಮಲಬದ್ಧತೆ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಒಂದೆರಡು ದಿನಗಳಲ್ಲಿ ಅದು ಸಾಯಬಹುದು.

ಊಟವನ್ನು ನಾಲ್ಕೈದು ಸಣ್ಣ ಪಾಲು ಮಾಡಿ ಬೇರೆ ಬೇರೆ ಕಡೆ ಇಡುವುದು, ದಾರಕ್ಕೆ ಗರಿ ಕಟ್ಟಿ ಮುಸ್ಸಂಜೆ ಆಡಿಸುವುದು, ಬೀರುವಿನ ಮೇಲೆ ಹತ್ತಿ ಕೂರಲು ದಾರಿ ಮಾಡುವುದು, ಉಗುರು ಮಸೆಯಲು ಸೆಣಬು ಸುತ್ತಿದ ಕಂಬ, ಅಡಗಲು ಒಂದು ರಟ್ಟಿನ ಪೆಟ್ಟಿಗೆ: ಖರ್ಚು ಹೆಚ್ಚಿಲ್ಲ, ಗಮನ ಹೆಚ್ಚು ಬೇಕು. ಶೌಚದ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಪ್ರತಿದಿನ ಸ್ವಚ್ಛವಾಗಲಿ. ಗರ್ಭಿಣಿಯರಿರುವ ಮನೆಗಳಲ್ಲಿ ಬೆಕ್ಕನ್ನೇ ಹೊರಹಾಕುವಂತೆ ಒತ್ತಾಯ ಬರುತ್ತದೆ, ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕಿನ ಹೆದರಿಕೆಯಿಂದ. ಬೆಕ್ಕಿನ ಮಲದಲ್ಲಿ ಬಂದ ಆ ಪರಾವಲಂಬಿಯ ಕೋಶಗಳು ಸೋಂಕು ತಗಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನವಾದರೂ ಬೇಕು. ದಿನವೂ ಬೇರೆ ಯಾರಾದರೂ ತಟ್ಟೆ ಸ್ವಚ್ಛಗೊಳಿಸಿದರೆ, ಬೆಕ್ಕಿಗೆ ಹಸಿ ಮಾಂಸ ಕೊಡದಿದ್ದರೆ, ಇಲಿ ಹಿಡಿಯಲು ಬಿಡದಿದ್ದರೆ ಅಪಾಯ ತೀರಾ ಕಡಿಮೆ. ಬೆಕ್ಕನ್ನು ಬೀದಿಗೆ ಬಿಡಬೇಕಾಗಿಲ್ಲ.

ಮನೆಯ ಔಷಧಗಳ ಪೆಟ್ಟಿಗೆಯ ಬಗ್ಗೆಯೂ ಎಚ್ಚರ ಬೇಕು. ಜ್ವರವೆಂದು ಕೊಡುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಹೂದಾನಿಯಲ್ಲಿಡುವ ಲಿಲ್ಲಿ ಹೂವಿನ ಪರಾಗ ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ.

ತೋಟದ ಮನೆಯ ಬೆಕ್ಕು

ತೀರ್ಥಹಳ್ಳಿಯ ಅಡಿಕೆ ತೋಟದ ಮನೆಗೋ ಹಾವೇರಿಯ ಹೊಲದ ಮನೆಗೋ ಇದೇ ನಿಯಮ ಹೇರಲಾರೆ. ಅಲ್ಲಿ ಅಟ್ಟದ ಮೇಲೆ ಕಾಳಿನ ಚೀಲಗಳಿವೆ, ಬೆಕ್ಕಿಗೆ ನಿಜವಾದ ಕೆಲಸವಿದೆ, ಬಾಗಿಲುಗಳು ಮುಚ್ಚುವುದೇ ಅಪರೂಪ. ಅಂಥ ಕಡೆ ನಾನು ಕೇಳುವುದು ಮೂರನ್ನು ಮಾತ್ರ. ಮೊದಲನೆಯದು ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು, ಎರಡು ತಿಂಗಳಲ್ಲಿ ಈಯುತ್ತದೆ, ವರ್ಷಕ್ಕೆ ಎರಡು-ಮೂರು ಸೂಲು. ಮರಿಗಳನ್ನು ಚೀಲದಲ್ಲಿ ಹಾಕಿ ಸಂತೆಯ ಬಳಿ ಬಿಟ್ಟುಬರುವ ಕ್ರೌರ್ಯ ನಿಲ್ಲಬೇಕಾದರೆ ಇದೊಂದೇ ದಾರಿ. ಎರಡನೆಯದು ರೇಬೀಸ್ ಮತ್ತು ಪ್ಯಾನ್‌ಲ್ಯುಕೋಪೀನಿಯಾ ಲಸಿಕೆ. ಕಾಡಂಚಿನ ಊರುಗಳಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಪ್ಯಾನ್‌ಲ್ಯುಕೋಪೀನಿಯಾದ ವೈರಸ್ ಕಾಡುಬೆಕ್ಕಿಗೂ, ಕಾಡಿನಲ್ಲಿರುವ, ಎರಡು ಕಿಲೋ ಕೂಡ ತೂಗದ ತುಕ್ಕುಚುಕ್ಕೆಯ ಬೆಕ್ಕಿಗೂ ತಗಲಬಲ್ಲದು. ಮೂರನೆಯದು ಕತ್ತಲಾದ ಮೇಲೆ ಒಳಗೆ ಕೂಡುವುದು. ನಾಯಿಗಳ ಗುಂಪು, ಚಿರತೆ, ವಾಹನದ ದೀಪಕ್ಕೆ ಕಣ್ಣು ಕುಕ್ಕಿ ನಿಂತುಬಿಡುವುದು, ಗಂಡುಬೆಕ್ಕುಗಳ ಕಾದಾಟ, ಇವೆಲ್ಲ ಹೆಚ್ಚು ರಾತ್ರಿಯಲ್ಲೇ. ರಾತ್ರಿಯ ಊಟವನ್ನು ಪ್ರತಿದಿನ ಒಂದೇ ಹೊತ್ತಿಗೆ ಒಳಗೆ ಇಟ್ಟರೆ ಬೆಕ್ಕು ತಾನಾಗಿ ಬರುತ್ತದೆ.

ಊರಿನಿಂದ ನಗರಕ್ಕೆ ಬೆಕ್ಕನ್ನು ಕರೆತರುವವರೂ ಇದೇ ಉಪಾಯದಿಂದ ಶುರುಮಾಡಬಹುದು. ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿ, ಮೊದಮೊದಲು ಲಿಟರಿನ ಜೊತೆ ಸ್ವಲ್ಪ ತೋಟದ ಮಣ್ಣು ಬೆರೆಸಿ, ಒಂದು ಕೋಣೆಯಿಂದ ಇಡೀ ಮನೆಗೆ ನಿಧಾನವಾಗಿ ಹಬ್ಬಿಸಬೇಕು. ಕೆಲವು ವಾರ ಬಾಗಿಲ ಬಳಿ ಕೂತು ಕೂಗುತ್ತದೆ. ಕೂಗಿದಾಗ ಬಾಗಿಲು ತೆರೆದರೆ, ಕೂಗಿದರೆ ತೆರೆಯುತ್ತದೆ ಎಂದು ಕಲಿಯುತ್ತದೆ. ಬಾಗಿಲಿನಿಂದ ದೂರ ಕರೆದು ಆಡಿಸುವುದು ಮೇಲು. ವಯಸ್ಸಾದ, ಜೀವನವಿಡೀ ಹೊರಗೇ ಬದುಕಿದ ಬೆಕ್ಕು ಉಣ್ಣುವುದನ್ನೇ ಬಿಟ್ಟು ಕೊರಗಿದರೆ ಅದನ್ನು ಬಲವಂತ ಮಾಡದೆ, ಊರಿನಲ್ಲೇ ನೋಡಿಕೊಳ್ಳುವವರಿಗೆ ಒಪ್ಪಿಸುವುದು ಒಳ್ಳೆಯದು.

ಇಷ್ಟಾದರೂ ಒಂದಲ್ಲ ಒಂದು ದಿನ ಬೆಕ್ಕು ತಪ್ಪಿಸಿಕೊಳ್ಳುತ್ತದೆ, ಸಿಲಿಂಡರ್ ತಂದವರು ಬಾಗಿಲು ತೆರೆದ ಹೊತ್ತಿನಲ್ಲೋ ದೀಪಾವಳಿಯ ಪಟಾಕಿಗೆ ಬೆದರಿಯೋ. ಮನೆಯೊಳಗಿನ ಬೆಕ್ಕು ಹೊರಬಿದ್ದಾಗ ದೂರ ಓಡುವುದಿಲ್ಲ, ಹತ್ತಿರದ ಕತ್ತಲ ಸಂದಿಯಲ್ಲಿ ಅಡಗಿ ಕರೆದರೂ ಓಗೊಡದೆ ಕೂರುತ್ತದೆ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಐನೂರು ಮೀಟರಿನೊಳಗೇ ಸಿಕ್ಕಿದ್ದವು. ಹಾಗಾಗಿ ಊರೆಲ್ಲ ಫೋಟೊ ಹಂಚುವ ಮೊದಲು ಟಾರ್ಚ್ ಹಿಡಿದು ಮೆಟ್ಟಿಲಡಿ, ನೀರಿನ ಪಂಪಿನ ಕೋಣೆ, ನಿಲ್ಲಿಸಿದ ಕಾರುಗಳ ಅಡಿ, ಪಕ್ಕದ ಖಾಲಿ ನಿವೇಶನದ ಪೊದೆ ಇವನ್ನು ಕೈಯಿಟ್ಟು ಹುಡುಕಿ. ಗದ್ದಲ ಅಡಗಿದ ಮೇಲೆ, ರಾತ್ರಿ ಹನ್ನೊಂದರ ನಂತರ, ಅದರ ಊಟದ ಡಬ್ಬಿ ಅಲ್ಲಾಡಿಸುತ್ತ ಮತ್ತೊಮ್ಮೆ ಹೋಗಿ.